ಕೊಯ್ದದ್ದು ರೋಬೋಟ್ ಅಲ್ಲ

ಮಾನ್ಯ ಸಂಪಾದಕರೇ,

ಅಂಗಾಂಗಗಳು ಎಡಬಲ ಅದಲುಬದಲಾಗಿದ್ದ ರೋಗಿಗೆ ‘ರೋಬೋಟ್ ಮಾಡಿದ ಕ್ಯಾನ್ಸರ್ ಶಸ್ತ್ರಚಿಕಿತ್ಸೆ’ ಎಂಬ ವರದಿ ಓದಿದೆ. ನಾನೂ ಅಂಥ ದೇಹದವನೇ. ಗುಂಡಿಗೆ ಬಲಕ್ಕೆ, ಪಿತ್ತಜನಕಾಂಗ ಎಡಕ್ಕೆ. ‘ಸೈಟಸ್ ಇನ್ವರ್ಸಸ್’ ಅನ್ನುತ್ತಾರೆ. ಸುಮಾರು 10,000 ಜನರಲ್ಲಿ ಒಬ್ಬರು ಹೀಗೆ ಹುಟ್ಟುತ್ತಾರಂತೆ. ಮೊದಲ ಸಲ ನನ್ನ ಎದೆಯ ಎಕ್ಸ್‌ರೇ ನೋಡಿದವರೊಬ್ಬರು ಫಿಲ್ಮನ್ನೇ ತಿರುಗಿಸಿ ಹಿಡಿದು, ‘ಎಲ್ಲ ಸರಿ ಇದೆ’ ಎಂದು ಕಳಿಸಿಬಿಟ್ಟಿದ್ದರು!

ನನ್ನ ತಕರಾರು ನಿಮ್ಮ ತಲೆಬರಹದ ಮೇಲೆ. ಆ ಯಂತ್ರ ತಾನಾಗಿ ಒಂದೆಳೆಯನ್ನೂ ಕತ್ತರಿಸುವುದಿಲ್ಲ. ಡಾಕ್ಟರು ಅದರ ನಿಯಂತ್ರಣ ಮೇಜಿನ ಮುಂದೆ ಕೂತು ಬೆರಳಾಡಿಸಿದರೆ ಮಾತ್ರ ಅದರ ತೋಳುಗಳು ಅಲುಗುತ್ತವೆ.

ನಾನು ಹಳೆಯ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದವನು. ತಿರುಗಾಮುರುಗಾ ಅಕ್ಷರ ಓದುವುದು ನನಗೆ ನೀರು ಕುಡಿದಷ್ಟು ಸಲೀಸು. ಆದರೆ ಮೊಳೆಯ ಖಾನೆಗಳ ಜಾಗ ಯಾರಾದರೂ ಬದಲಿಸಿಟ್ಟರೆ ಪಳಗಿದ ಕೈಯೂ ತಪ್ಪು ಮೊಳೆ ಎತ್ತುತ್ತದೆ. ಮೂರು ವರ್ಷದ ಹಿಂದೆ ನನ್ನ ದೊಡ್ಡ ಕರುಳಿನ ಗಡ್ಡೆ ತೆಗೆಯುವ ದಿನ ಇದನ್ನೇ ಕಂಡೆ. ಗಡ್ಡೆಯಿದ್ದ ಭಾಗ ಎಲ್ಲರಿಗೂ ಎಡಕ್ಕಿದ್ದರೆ ನನಗೆ ಬಲಕ್ಕೆ. ಯಂತ್ರದ ಉಪಕರಣ ಒಳಬಿಡಲು ತೂತು ಹಾಕುವ ಜಾಗಗಳನ್ನು ಡಾಕ್ಟರು ಹೊಟ್ಟೆಯ ಮೇಲೆ ಪೆನ್ನಿನಿಂದ ಗುರುತಿಸುತ್ತಿದ್ದರು. ಒಂದನ್ನು ಬರೆದು, ನಿಂತು, ಸ್ಪಿರಿಟ್ಟಿನಲ್ಲಿ ಒರೆಸಿ, ಇನ್ನೊಂದು ಪಕ್ಕಕ್ಕೆ ಬರೆದರು. ‘ಅಭ್ಯಾಸಬಲ’ ಎಂದು ನಕ್ಕರು. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಆಗಲೇ.

ಯಂತ್ರದ ಉಪಕಾರ ಇಲ್ಲವೆನ್ನಲಾರೆ. ಉಪಕರಣದ ತುದಿ ಮಣಿಕಟ್ಟಿನಂತೆ ಬಾಗುತ್ತದೆ, ಕೈನಡುಕ ಒಳಗೆ ತಲುಪದು, ಒಳಭಾಗ ಆಳ ಸಮೇತ ದೊಡ್ಡದಾಗಿ ಕಾಣುತ್ತದೆ. ಆದರೆ ನನಗೆ ಬಳಸಿದ ಯಂತ್ರದಲ್ಲಿ ಅಂಗಾಂಶದ ಬಿಗಿ ಕೈಗೆ ತಿಳಿಯುತ್ತಿರಲಿಲ್ಲವಂತೆ, ಕಣ್ಣೇ ಗತಿ. ಇಂಥ ದೇಹದಲ್ಲಿ ಎಲ್ಲವೂ ಕನ್ನಡಿ ಬಿಂಬದಂತೆಯೇ ಇರುತ್ತದೆಂಬ ಖಾತ್ರಿಯೂ ಇಲ್ಲ. ರಕ್ತನಾಳಗಳು ಬೇರೆಯದೇ ದಾರಿ ಹಿಡಿದಿರಬಹುದು. ಎರಡು ಮೂತ್ರಪಿಂಡ ಕೂಡಿಕೊಂಡು ಲಾಳದಂತಿರುವವರಲ್ಲೂ ಹಾಗೆಯೇ, ರಕ್ತನಾಳ ಎಷ್ಟು, ಎಲ್ಲಿಂದ ಬಂದಿವೆ ಎಂದು ಮೊದಲೇ ಹುಡುಕಬೇಕು. ಆ ಹುಡುಕಾಟ ನಡೆಯುವುದು ಸಿ.ಟಿ. ಸ್ಕ್ಯಾನ್ ಚಿತ್ರಗಳ ಮುಂದೆ, ಆಪರೇಷನ್ನಿಗೆ ಮುಂಚೆ.

ನಿಮ್ಮ ವರದಿಯಲ್ಲಿ ಯಂತ್ರದ ಫೋಟೊ ಇತ್ತು. ಸ್ಕ್ಯಾನ್ ಓದಿದವರು ಯಾರು, ಕಷ್ಟವಾದರೆ ಹೊಟ್ಟೆ ತೆರೆದು ಮಾಡುವ ತಯಾರಿ ಇತ್ತೇ, ತೆಗೆದ ಭಾಗದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿರಲಿಲ್ಲವೇ? ಇದೊಂದೂ ಇರಲಿಲ್ಲ.

ಇಂತಿ,
ನಿಮ್ಮ ಹಳೆಯ ಓದುಗ