ರಾತ್ರಿ ಪಾಳಿಯ ಮಗಳಿಗೊಂದು ಪತ್ರ

ದಾವಣಗೆರೆ
ಡಿಸೆಂಬರ್ 19

ಪ್ರೀತಿಯ ಮಗಳೇ,

ನಿನ್ನ ವಾರ್ಡಿನಲ್ಲಿದ್ದ ನಾಲ್ಕು ವರ್ಷದ ಮಗು ತೀರಿಕೊಂಡ ಸುದ್ದಿಯನ್ನು ಹೇಳುವಾಗ ನೀನು ಅಳಲಿಲ್ಲ. ಕೊನೆಯಲ್ಲಿ ಮಾತ್ರ, "ಅಪ್ಪಾ, ಈ ಸಲ ಹಬ್ಬದ ಹಾಡೂ ಬಾಯಿಗೆ ಬರುತ್ತಿಲ್ಲ, ಪ್ರಾರ್ಥನೆಯೂ ಬರುತ್ತಿಲ್ಲ. ದೇವರು ನಮ್ಮನ್ನು ಪ್ರೀತಿಸುತ್ತಾರೆ ಅಂತ ಆ ಮಗುವಿನ ತಾಯಿಗೆ ಹೇಗೆ ಹೇಳಲಿ?" ಎಂದು ಕೇಳಿ, ಡ್ಯೂಟಿಗೆ ಹೊತ್ತಾಯಿತೆಂದು ಫೋನ್ ಇಟ್ಟೆ. ಫೋನಿನಲ್ಲಿ ಉತ್ತರಿಸಿ ಮುಗಿಸುವಂಥ ಪ್ರಶ್ನೆಯಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಮೊದಲಿಗೆ, ಆ ತಾಯಿಗೆ ನೀನು ಏನನ್ನೂ ಹೇಳಬೇಕಾಗಿಲ್ಲ. ಮಗು ಸತ್ತದ್ದು ದೇವರ ಚಿತ್ತ, ಅದರ ಹಿಂದೆ ಏನೋ ಉದ್ದೇಶವಿರುತ್ತದೆ ಎಂದು ಯಾರಾದರೂ ನಿನಗೆ ಸಮಾಧಾನ ಹೇಳಿದ್ದರೆ, ಅದನ್ನು ಒಪ್ಪಿಕೊಳ್ಳಬೇಕೆಂಬ ಕಟ್ಟುಪಾಡೂ ಇಲ್ಲ. ಹಾಗೆ ಹೇಳುವವರು ಸಾಮಾನ್ಯವಾಗಿ ಒಳ್ಳೆಯ ಮನಸ್ಸಿನವರೇ. ಆದರೆ ಶುಭಸಂದೇಶದಲ್ಲಿ, ಅಂದರೆ ಬೈಬಲಿನಲ್ಲಿ ಅವರ ಜೀವನ ಹೇಳುವ ಪುಸ್ತಕಗಳಲ್ಲಿ, ಯೇಸುಸ್ವಾಮಿ ದುಃಖದಲ್ಲಿದ್ದ ಯಾವ ತಂದೆತಾಯಿಗೂ ಅಂಥ ಮಾತನ್ನು ಆಡಲಿಲ್ಲ. ನಾಯಿನ್ ಎಂಬ ಊರಿನ ಬಾಗಿಲಲ್ಲಿ ವಿಧವೆಯೊಬ್ಬಳ ಒಬ್ಬನೇ ಮಗನ ಶವ ಎದುರಾದಾಗ ಅವರು ಆಕೆಯನ್ನು ಕಂಡು ಕನಿಕರಪಟ್ಟರೆಂದು ಶುಭಸಂದೇಶ ಬರೆದ ಲೂಕನು ಹೇಳುತ್ತಾನೆ. ಕಾರಣ ವಿವರಿಸಿದರೆಂದು ಎಲ್ಲಿಯೂ ಬರೆದಿಲ್ಲ.

ಇನ್ನು ಹಬ್ಬದ ವಿಷಯ. ಕ್ರಿಸ್ಮಸ್ ಎಂದರೆ ಮನೆಯ ಮುಂದೆ ನಕ್ಷತ್ರ ತೂಗುಹಾಕಿ, ಹೊಸಬಟ್ಟೆ ಉಟ್ಟು, ನೆರೆಮನೆಗಳಿಗೆ ಕರ್ಜಿಕಾಯಿ ಹಂಚುವ ಸಂಭ್ರಮವಷ್ಟೇ ಆಗಿದ್ದರೆ, ದುಃಖದಲ್ಲಿರುವವರಿಗೆ ಅದರಲ್ಲಿ ಜಾಗವಿಲ್ಲವೆಂದು ನಿನಗನ್ನಿಸುವುದು ಸಹಜವೇ. ಆದರೆ ನಮ್ಮ ಕಥೋಲಿಕ ಧರ್ಮಸಭೆಯ ಪಂಚಾಂಗವನ್ನು ಒಮ್ಮೆ ನೋಡು. ಡಿಸೆಂಬರ್ 25ರ ಮರುದಿನವೇ ಕಲ್ಲೆಸೆತಕ್ಕೆ ಸಿಕ್ಕಿ ಸತ್ತ ಸಂತ ಸ್ತೇಫನರ ಹಬ್ಬ ಬರುತ್ತದೆ. 28ರಂದು, ಕೂಸು ಯೇಸುವನ್ನು ಕೊಲ್ಲಿಸಲು ಹೊರಟ ರಾಜ ಹೆರೋದನ ಆಜ್ಞೆಯಂತೆ ಬೆತ್ಲೆಹೇಮಿನಲ್ಲಿ ಕೊಲೆಯಾದ, ಎರಡು ವರ್ಷದೊಳಗಿನ ಗಂಡುಮಕ್ಕಳ ಸ್ಮರಣೆ ಬರುತ್ತದೆ. ಯೇಸು ಹುಟ್ಟಿದ ಕೊಟ್ಟಿಗೆಯ ನೆನಪಿಗೆ ಕಟ್ಟಿದ ಗೋದಲಿಯ ದೀಪಗಳು ಇನ್ನೂ ಉರಿಯುತ್ತಿರುವಾಗಲೇ ಪೂಜೆಯಲ್ಲಿ ಆ ಪಾಠವನ್ನು ಓದುತ್ತಾರೆ. ಅಲ್ಲಿ ಶುಭಸಂದೇಶ ಬರೆದ ಮತ್ತಾಯನು ಪ್ರವಾದಿ ಯೆರೆಮೀಯನ ಮಾತನ್ನು ನೆನಪಿಸುತ್ತಾನೆ: ಇಸ್ರಯೇಲರ ಮೂಲತಾಯಿ ರಾಖೇಲಳು ತನ್ನ ಮಕ್ಕಳಿಗಾಗಿ ಗೋಳಾಡುತ್ತಿದ್ದಾಳೆ, ಅವರು ಇಲ್ಲವಾದ್ದರಿಂದ ಆಕೆ ಸಾಂತ್ವನವನ್ನೇ ಒಲ್ಲೆನೆನ್ನುತ್ತಾಳೆ. ಒಲ್ಲೆನೆಂದ ಆ ತಾಯಿಯನ್ನು ಮತ್ತಾಯನು ಗದರಿಸುವುದಿಲ್ಲ, ಆಕೆಯ ಅಳುವಿಗೆ ಉತ್ತರ ಕಟ್ಟಲೂ ಹೋಗುವುದಿಲ್ಲ. ಹಬ್ಬದ ಅಂದ ಕೆಡುತ್ತದೆಂದು ಆ ಪುಟವನ್ನು ಕಿತ್ತುಹಾಕದೆ ಇಷ್ಟು ಶತಮಾನ ಉಳಿಸಿಕೊಂಡು ಬಂದ ಹಿರಿಯರ ಮೇಲೆ ನನಗೆ ದೊಡ್ಡ ಗೌರವವಿದೆ. ದೇವರು ಮನುಷ್ಯರಾಗಿ ಬಂದದ್ದು ಮಕ್ಕಳು ಸಾಯುವ ಈ ಲೋಕಕ್ಕೇ ಎಂಬುದನ್ನು ಅವರು ನಮ್ಮಿಂದ ಮುಚ್ಚಿಡಲಿಲ್ಲ.

ಪ್ರಾರ್ಥನೆ ಬರುತ್ತಿಲ್ಲವೆಂದೆಯಲ್ಲ, ಅದಕ್ಕೆ ನನಗೆ ನೆನಪಾಗುವವರು ಮರಿಯಮ್ಮನವರ ಪತಿ ಸಂತ ಜೋಸೆಫರು. ಹಾಡಿನಲ್ಲಿ ದೇವದೂತರಿಗೆ, ಕುರಿಗಾಹಿಗಳಿಗೆ, ಮೂಡಣದ ಜ್ಞಾನಿಗಳಿಗೆ ಸಿಕ್ಕಷ್ಟು ಜಾಗ ಅವರಿಗೆ ಸಿಕ್ಕಿಲ್ಲ. ನಾಲ್ಕು ಶುಭಸಂದೇಶಗಳಲ್ಲಿಯೂ ಜೋಸೆಫರ ಬಾಯಿಂದ ಬಂದ ಒಂದು ಮಾತೂ ದಾಖಲಾಗಿಲ್ಲ. ಮರಿಯಮ್ಮನವರಿಗೆ ಸುಂದರವಾದ ಒಂದು ಸ್ತುತಿಗೀತೆಯಿದೆ, ಸ್ನಾನಿಕ ಯೊವಾನ್ನನ ತಂದೆ ಜಕರೀಯನಿಗೂ ಇದೆ. ಇವರಿಗೆ ಮಾತ್ರ ಇಲ್ಲ. ತಮಗೆ ನಿಶ್ಚಯವಾದ ಹೆಣ್ಣು ಮರಿಯಮ್ಮ ಗರ್ಭಿಣಿಯೆಂದು ತಿಳಿದಾಗ ಆಕೆಯನ್ನು ಊರ ಮುಂದೆ ಅವಮಾನಕ್ಕೆ ಗುರಿಮಾಡಲು ಮನಸ್ಸೊಪ್ಪದೆ, ಗುಟ್ಟಾಗಿ ಬಿಟ್ಟುಬಿಡಬೇಕೆಂದು ಅವರು ಯೋಚಿಸಿದ್ದರು. ಅಂದರೆ ಕನಸಿನಲ್ಲಿ ದೇವದೂತ ಬರುವುದಕ್ಕೆ ಮೊದಲೇ, ಯಾವ ವಿವರಣೆಯೂ ಕೈಯಲ್ಲಿಲ್ಲದಾಗಲೇ, ಅವರಲ್ಲಿ ದಯೆಯಿತ್ತು. ಆಮೇಲೆ ಹೆರೋದನು ಮಗುವನ್ನು ಹುಡುಕಿಸುತ್ತಾನೆಂಬ ಎಚ್ಚರಿಕೆ ಬಂದಾಗ ಅವರು ಪ್ರಶ್ನೆ ಕೇಳಿದರೆಂದಾಗಲಿ, ಪ್ರಾರ್ಥಿಸಿದರೆಂದಾಗಲಿ ಬರೆದಿಲ್ಲ. ಎದ್ದರು, ಆ ರಾತ್ರಿಯೇ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟರು ಎಂದಿದೆ. ನೀನು ಆ ರಾತ್ರಿ ಮಗುವಿನ ಬಾಯಿ ಒರೆಸಿದ್ದು, ಹೊದಿಕೆ ಸರಿಮಾಡಿದ್ದು, ತಾಯಿಗೆ ಕುರ್ಚಿ ಎಳೆದುಕೊಟ್ಟದ್ದು ಎಲ್ಲವನ್ನೂ ಹೇಳಿದೆ. ಅದು ನಿನ್ನ ಪ್ರಾರ್ಥನೆಯಾಗಿರಲಿಲ್ಲವೆಂದು ನೀನು ಹೇಳಿದರೂ ನಾನು ಒಪ್ಪುವುದಿಲ್ಲ.

ಈಗ ಇಲ್ಲಿ ಮೆಕ್ಕೆಜೋಳದ ಕಟಾವು ಮುಗಿದಿದೆ. ಖಾಲಿಯಾದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದಾರೆ. ಚಿತ್ರದುರ್ಗದ ರಸ್ತೆಯಲ್ಲಿ ಬೆಳಗಿನ ಬಸ್ಸಿನಲ್ಲಿ ಹೋಗುವಾಗ, ಚಳ್ಳಕೆರೆಯ ಕರಿ ಕಂಬಳಿ ಹೊದ್ದು, ಇಡೀ ರಾತ್ರಿ ಮಂದೆ ಕಾಯ್ದು ಕಣ್ಣು ಕೆಂಪಾಗಿಸಿಕೊಂಡವರು ಕಾಣುತ್ತಾರೆ. ಬೆತ್ಲೆಹೇಮಿನಲ್ಲಿ ಯೇಸು ಹುಟ್ಟಿದ ಸುದ್ದಿ ಮೊದಲು ತಲುಪಿದ್ದು ಇಂಥ ರಾತ್ರಿ ಪಾಳಿಯ ಕುರಿಗಾಹಿಗಳಿಗೇ ಅಲ್ಲವೇ? ಅವರು ಹಬ್ಬಕ್ಕೆ ಸಿದ್ಧರಾಗಿ ಕುಳಿತಿರಲಿಲ್ಲ, ತಮ್ಮ ಕೆಲಸದಲ್ಲಿದ್ದರು. ಅವರಿಗೆ ಕೊಟ್ಟ ಗುರುತಾದರೂ ಎಂಥದ್ದು! ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಒಂದು ಕೂಸು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ತುಂಬಿಸಿ, ಎತ್ತು ಕತ್ತೆಗಳನ್ನು ತಂದು ನಿಲ್ಲಿಸಿ ಗೋದಲಿ ಮಾಡಿಸಿದ್ದೂ, ಆ ಕೂಸು ಪಟ್ಟ ಕೊರತೆಯನ್ನು ಕಣ್ಣಾರೆ ಕಾಣಬೇಕೆಂಬ ಆಸೆಯಿಂದಲೇ. ಈಗಿನ ನಮ್ಮ ಗೋದಲಿಗಳಲ್ಲಿ ಸೀರಿಯಲ್ ಲೈಟುಗಳ ನಡುವೆ ಆ ಕೊರತೆಯನ್ನು ಹುಡುಕಬೇಕಾಗುತ್ತದೆ, ಇರಲಿ. ನಿನ್ನಮ್ಮ ಮಾತ್ರ ಎಂದಿನಂತೆ ಗೋದಲಿಗೆಂದು ತಟ್ಟೆಯಲ್ಲಿ ರಾಗಿ ಚೆಲ್ಲಿ ಪೈರು ಬರಿಸಿದ್ದಾಳೆ.

ದೇವರ ಪ್ರೀತಿ ಎಂದರೆ ನಾವು ದೇವರನ್ನು ಪ್ರೀತಿಸಿದ್ದಲ್ಲ, ಅವರೇ ನಮ್ಮನ್ನು ಪ್ರೀತಿಸಿ ಮಗನನ್ನು ಕಳಿಸಿದ್ದು ಎಂದು ಬೈಬಲಿನ ಯೊವಾನ್ನನ ಮೊದಲ ಪತ್ರದಲ್ಲಿ ಬರುತ್ತದೆ. ಮೊದಲ ಹೆಜ್ಜೆ ಆ ಕಡೆಯದು. ಆದ್ದರಿಂದ ನಿನ್ನ ವಿಶ್ವಾಸ ಈ ತಿಂಗಳು ಗಟ್ಟಿಯಾಗಿದೆಯೇ ಎಂದು ದಿನವೂ ತೂಗಿ ನೋಡಿಕೊಳ್ಳಬೇಡ. ಅದು ಗಟ್ಟಿಯಾಗಲಿ ಎಂದು ಕಾದು ಯೇಸುಸ್ವಾಮಿ ಬಂದವರಲ್ಲ. ಹರಿಹರದ ಆರೋಗ್ಯಮಾತೆಯ ದೇವಾಲಯಕ್ಕೆ ಪೋಪರಿಂದ ಬೆಸಿಲಿಕಾ ಎಂಬ ವಿಶೇಷ ಮನ್ನಣೆ ದೊರೆತಿದೆ, ಆದರೆ ಅದಕ್ಕೆ ಬಹಳ ಮೊದಲಿಂದಲೂ ಎಲ್ಲ ಜಾತಿಮತದ ತಾಯಂದಿರು ಕಾಯಿಲೆಯ ಮಕ್ಕಳನ್ನು ಎತ್ತಿಕೊಂಡು ಅಲ್ಲಿಗೆ ಬರುತ್ತಿದ್ದಾರೆ. ಎಲ್ಲ ಮಕ್ಕಳೂ ಗುಣವಾಗುವುದಿಲ್ಲವೆಂಬುದು ಅವರಿಗೂ ಗೊತ್ತು. ಆದರೂ ಮೇಣದಬತ್ತಿ ಹಚ್ಚಿ, ಅತ್ತು, ಅಲ್ಲಿಯೇ ಸ್ವಲ್ಪ ಹೊತ್ತು ಕುಳಿತು ಹೋಗುತ್ತಾರೆ. ನಿನಗೂ ಸದ್ಯಕ್ಕೆ ಅಷ್ಟು ಸಾಕು. ಹಾಡನ್ನು ಚರ್ಚಿನಲ್ಲಿ ನಾವು ಹಾಡುತ್ತೇವೆ, ನಿನ್ನ ಪಾಲಿನದನ್ನೂ ಸೇರಿಸಿ.

28ರ ಬಲಿಪೂಜೆಗೆ ಆ ಮಗುವಿನ ಹೆಸರಿನಲ್ಲಿ ಕೋರಿಕೆ ಕೊಟ್ಟುಬಂದಿದ್ದೇನೆ. ಹೆಸರು ನನಗೆ ತಿಳಿಯದು, ಆ ಮನೆಯವರು ಯಾವ ದೇವರಿಗೆ ಕೈಮುಗಿಯುವವರೋ ಅದೂ ತಿಳಿಯದು. "ಆಸ್ಪತ್ರೆಯಲ್ಲಿ ತೀರಿಕೊಂಡ ಒಂದು ಮಗುವಿಗಾಗಿ" ಎಂದು ಬರೆಸಿದೆ. ಫಾದರ್ ಏನೂ ಕೇಳದೆ ಬರೆದುಕೊಂಡರು.

ಕರ್ಜಿಕಾಯಿ, ಚಕ್ಕುಲಿಗಳನ್ನು ಶನಿವಾರದ ಬಸ್ಸಿಗೆ ಕೊಟ್ಟು ಕಳಿಸುತ್ತೇವೆ. ನಿನ್ನ ಜೊತೆಯ ಸಿಸ್ಟರುಗಳಿಗೂ ಸಾಕಾಗುವಷ್ಟು ನಿನ್ನಮ್ಮ ಮಾಡಿದ್ದಾಳೆ. ಹಬ್ಬದ ರಾತ್ರಿ ನಿನಗೆ ಡ್ಯೂಟಿ ಇದ್ದರೆ ಇರಲಿ. ಜನವರಿಯಲ್ಲಿ ಯಾವಾಗ ರಜೆ ಸಿಗುತ್ತದೆಂದು ತಿಳಿಸು, ಮೂವರೂ ಹರಿಹರಕ್ಕೆ ಹೋಗಿಬರೋಣ.

ನಿನ್ನ ಪ್ರೀತಿಯ
ಅಪ್ಪ