‘ಅದಕ್ಕೇನು ನೆನಪಿರುತ್ತೆ’ ಅನ್ನುವ ಮುಂಚೆ

ಮಾನ್ಯರೇ,

ಎರಡು ವರ್ಷದ ಮಗುವಿನ ಎದುರೇ ಜಗಳವಾಡಿ, ‘ಬಿಡಿ, ಅದಕ್ಕೇನು ನೆನಪಿರುತ್ತೆ’ ಅನ್ನುವವರು ಜಾಸ್ತಿ. ಮಾತು ಅರ್ಧ ನಿಜ. ಹೆಚ್ಚಿನವರ ಮೊದಲ ನೆನಪು ಸುಮಾರು ಮೂರು, ಮೂರೂವರೆ ವರ್ಷದ್ದು. ಅದಕ್ಕೂ ಹಿಂದಿನದ್ದು ಖಾಲಿ. ನಮ್ಮ ನಾಮಕರಣದ ಗಲಾಟೆ ನಮಗೆ ಗೊತ್ತಿರುವುದು ಆಲ್ಬಂನಿಂದ, ಅಜ್ಜಿಯ ಬಾಯಿಂದ.

ಹಾಗಂತ ಮಗುವಿನ ಮಿದುಳು ಸುಮ್ನೆ ಕೂತಿರುವುದಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 4ರಿಂದ 25 ತಿಂಗಳ ಕೂಸುಗಳಿಗೆ ಚಿತ್ರ ತೋರಿಸಿ ಮಿದುಳು ಸ್ಕ್ಯಾನ್ ಮಾಡಿದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. (ಆ ವಯಸ್ಸಿನವರನ್ನು ಅಲುಗಾಡದಂತೆ ಮಲಗಿಸಿದ್ದೇ ದೊಡ್ಡದು!) ಒಂದು ಚಿತ್ರವನ್ನು ಮೊದಲ ಸಲ ನೋಡುವಾಗ ಹಿಪೊಕ್ಯಾಂಪಸ್ ಎಂಬ, ನೆನಪು ಕಟ್ಟುವ ಮಿದುಳಿನ ಭಾಗ ಚುರುಕಾಗಿದ್ದಷ್ಟೂ, ಆಮೇಲೆ ಅದೇ ಚಿತ್ರ ಎದುರಾದಾಗ ಮಗು ಅದನ್ನೇ ಹೆಚ್ಚು ಹೊತ್ತು ನೋಡುತ್ತಿತ್ತು, ಅಂದರೆ ಗುರುತು ಹಿಡಿಯುತ್ತಿತ್ತು. ವರ್ಷ ದಾಟಿದ ಮಕ್ಕಳಲ್ಲಿ ಇದು ಇನ್ನೂ ಸ್ಪಷ್ಟ.

ಮತ್ತೆ ಮರೆವು ಯಾಕೆ? ಒಂದು ಸುಳಿವು ಇಲಿಗಳಿಂದ ಸಿಕ್ಕಿದೆ. ಎಳವೆಯಲ್ಲಿ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಭರದಿಂದ ಹುಟ್ಟುತ್ತವೆ. ಅದರಿಂದ ನೆನಪು ಹಿಡಿದಿಟ್ಟ ಹಳೆಯ ನರಕೋಶಗಳ ಜೋಡಣೆ ಕದಡುತ್ತದೆ. 2014ರಲ್ಲಿ ಟೊರೊಂಟೊದ ತಂಡ ಆ ಹುಟ್ಟನ್ನು ತಗ್ಗಿಸಿದಾಗ ಮರಿಗಳ ಮರೆವೂ ಕಡಿಮೆಯಾಯಿತು.

ಮನೆಯ ಮಾತಿಗೂ ಇದರಲ್ಲಿ ಪಾಲಿದೆ. ನ್ಯೂಜಿಲೆಂಡ್‌ನ ಮೂಲನಿವಾಸಿಗಳಾದ ಮಾವೊರಿಗಳ ಮೊದಲ ನೆನಪು ಸರಾಸರಿ ಮೂರು ವರ್ಷಕ್ಕೂ ಮುಂಚಿನದು. ಆಗಿಹೋದದ್ದನ್ನು ಮಕ್ಕಳೊಂದಿಗೆ ಬಿಡಿಸಿ ಬಿಡಿಸಿ ಹೇಳುವ ರೂಢಿ ಅವರಲ್ಲಿದೆ. ಮೊಬೈಲ್ ತುಂಬ ವಿಡಿಯೊ ತುಂಬಿಸುವ ನಾವೂ ಮಗುವನ್ನು ‘ಜಾತ್ರೇಲಿ ಏನು ನೋಡಿದೆ?’ ಎಂದು ಕೇಳಬಹುದು, ಅಲ್ವಾ?

– ಓದುಗಿ, ಶಿವಮೊಗ್ಗ