ಆರನೇ ಕ್ಲಾಸಿನ ಮಕ್ಕಳ ಪತ್ರಕ್ಕೆ ಒಂದು ಉತ್ತರ ಬೇಕು

ಇವರಿಗೆ,
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯತಿ, ಗದಗ

ಮಾನ್ಯರೇ, ನಮಸ್ಕಾರ.

'ನಿಮ್ಮ ಓಣಿಯ ನಳ ಸೋರುತ್ತಿದೆ. ದುರಸ್ತಿ ಮಾಡಿಸುವಂತೆ ಕೋರಿ ಗ್ರಾಮ ಪಂಚಾಯತಿ ಅಧ್ಯಕ್ಷರಿಗೆ ಒಂದು ಪತ್ರ ಬರೆಯಿರಿ.'

ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ನಮ್ಮ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 28 ವರ್ಷ ಕನ್ನಡ ಮತ್ತು ಗಣಿತ ಕಲಿಸಿ ಹೋದ ವರ್ಷ ನಿವೃತ್ತಳಾದೆ. ಅಷ್ಟೂ ವರ್ಷ ಮಕ್ಕಳು ಈ ಪತ್ರ ಬರೆದರು. ದಿನಾಂಕ, ಇಂದ, ಇವರಿಗೆ, ವಿಷಯ, ಕೊನೆಗೆ 'ತಮ್ಮ ವಿಶ್ವಾಸಿ'. ಎಲ್ಲ ಸರಿಯಾಗಿದ್ದರೆ ಪೂರ್ತಿ ಅಂಕ. ಪತ್ರದ ಮೇಲೆ ಸುಳ್ಳು ಹೆಸರು, ಸುಳ್ಳು ಊರು. ಶಾಲೆಯ ಕಂಪೌಂಡಿನ ಆಚೆ ನಿಜವಾದ ನಳ ಮಾತ್ರ ಸೋರುತ್ತಲೇ ಇರುತ್ತಿತ್ತು.

ಕೆಲವು ವರ್ಷಗಳ ಹಿಂದೆ ಆರನೇ ಕ್ಲಾಸಿನ ಒಬ್ಬ ಹುಡುಗಿ ತನ್ನ ನೋಟ್‌ಬುಕ್ ಹಿಡಿದುಕೊಂಡು ಬಂದು ಕೇಳಿದಳು. 'ಅಕ್ಕೋರ, ಇದನ್ನ ಖರೇನ ಪಂಚಾಯ್ತಿಗೆ ಕೊಡೂಣೇನ್ರಿ?'

ಕೊಡೋಣ ಅಂದೆ. ಆದರೆ ಪತ್ರ ಓದಿದರೆ ಅದರಲ್ಲಿ ಏನೂ ಇಲ್ಲ. 'ನೀರು ಬಹಳ ಪೋಲಾಗುತ್ತಿದೆ' ಅಂತ ಬರೆದಿದ್ದಳು. ಬಹಳ ಅಂದರೆ ಎಷ್ಟವ್ವಾ ಅಂತ ಕೇಳಿದೆ. 'ಬಾಳ ಅಂದ್ರ ಬಾಳ್ರಿ' ಅಂದಳು. ಅವಳದು ತಪ್ಪಲ್ಲ. ಅಳೆದು ಬರೆಯುವುದನ್ನು ನಾನೇ ಕಲಿಸಿರಲಿಲ್ಲ.

ಮರುದಿನ ಗಣಿತದ ಪೀರಿಯಡ್ಡಿನಲ್ಲಿ ಎಲ್ಲರೂ ನಳದ ಹತ್ತಿರ ಹೋದೆವು. ಒಂದು ಲೀಟರಿನ ಬಾಟಲಿ, ನನ್ನ ಮೊಬೈಲಿನ ಸ್ಟಾಪ್‌ವಾಚ್. ಮೊದಲ ಸಲ ಬಾಟಲಿ ತುಂಬಲು 38 ಸೆಕೆಂಡ್. ಆಮೇಲೆ 41, ಮತ್ತೆ 41. ಸರಾಸರಿ ಯಾಕೆ ಬೇಕು ಅನ್ನುವುದನ್ನು ಅವತ್ತು ನಾನು ವಿವರಿಸಬೇಕಾಗಲಿಲ್ಲ. ಮಕ್ಕಳೇ ಜಗಳಾಡಿ 40ಕ್ಕೆ ಬಂದರು. 40 ಸೆಕೆಂಡಿಗೆ ಒಂದು ಲೀಟರ್ ಅಂದರೆ ತಾಸಿಗೆ 90 ಲೀಟರ್. 24 ತಾಸಿಗೆ 2160 ಲೀಟರ್. ಮನೆಮನೆಗೆ ನಳದ ನೀರು ಕೊಡುವ ಜಲ ಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕು. ಭಾಗಿಸಿದರೆ 39 ಜನರ ನೀರು! ಮಕ್ಕಳಿಗೆ ಖುಷಿಯೋ ಖುಷಿ. ಅಷ್ಟು ದೊಡ್ಡ ಸಂಖ್ಯೆ ಸಿಕ್ಕಿತ್ತು.

ಹಿಂದೆ ನಿಂತಿದ್ದ ಒಬ್ಬ ಹುಡುಗ ಮೆಲ್ಲಗೆ ಹೇಳಿದ. 'ಮಧ್ಯಾಹ್ನ ಎರಡಕ್ಕ ಟ್ಯಾಂಕ್ ಖಾಲಿ ಆಗತೈತ್ರಿ. ಆಮ್ಯಾಗ ಸೋರೂದಿಲ್ರಿ.'

ಅವನು ವರ್ಷಪೂರ್ತಿ ಗಣಿತದಲ್ಲಿ ಬಾಯಿ ಬಿಟ್ಟವನಲ್ಲ. ಟ್ಯಾಂಕಿನಲ್ಲಿ ನೀರಿರುವುದು ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ, ಎಂಟು ತಾಸು. ಹಾಗಾದರೆ 720 ಲೀಟರ್. 39 ಜನ ಹೋಗಿ 13 ಜನ ಆದರು. ಉಳಿದವರಿಗೆ ಬೇಜಾರು. 'ದೊಡ್ಡದ ಬರಿಯೂಣ್ರಿ, ಜಲ್ದಿ ರಿಪೇರಿ ಮಾಡ್ತಾರ' ಅಂತ ಹಟ. ಅವತ್ತಿನ ಉಳಿದ ಸಮಯ ಪೂರ್ತಿ ಅದೇ ಮಾತು. ಸುಳ್ಳು ಸಂಖ್ಯೆ ಬರೆದರೆ ವಾಟರ್‌ಮನ್ ಒಂದೇ ಮಾತಿನಲ್ಲಿ ತಳ್ಳಿ ಹಾಕುತ್ತಾನೆ, ಖರೆ ಸಂಖ್ಯೆ ಬರೆದರೆ ಏನೂ ಹೇಳಲಾರ. ಕೊನೆಗೆ ಒಪ್ಪಿದರು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಚಲೋ ಗಣಿತದ ಪಾಠ ಇನ್ನೊಂದು ನಡೆದಿದ್ದು ನೆನಪಿಲ್ಲ.

ಆಮೇಲೆ ಪತ್ರವನ್ನು ಮೂರು ಸಲ ತಿದ್ದಿ ಬರೆದರು. ಮೊದಲು ಮನೆಯ ಮಾತಿನಲ್ಲಿ, ಅಜ್ಜಿಗೆ ಹೇಳಿದ ಹಾಗೆ. ಎರಡನೆಯದು ಪಂಚಾಯತಿಗೆ. ಮೂರನೆಯದರಲ್ಲಿ ಬೇಡದ ಮಾತು ತೆಗೆದರು. ಉಳಿದಿದ್ದು ಇಷ್ಟು: 'ನಾವು ಮೂರು ಸಲ ಅಳೆದೆವು. ತಾಸಿಗೆ 90 ಲೀಟರ್ ಸೋರುತ್ತಿದೆ. ದಿನಕ್ಕೆ ಎಂಟು ತಾಸು ಟ್ಯಾಂಕಿನಲ್ಲಿ ನೀರಿರುತ್ತದೆ. 720 ಲೀಟರ್ ಗಟಾರಕ್ಕೆ ಹೋಗುತ್ತಿದೆ. ಇದು 13 ಜನರ ಒಂದು ದಿನದ ನೀರು.' ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ಗೆದ್ದ ಯಾವ ಬರಹದಲ್ಲೂ ನಾನು ಇಷ್ಟು ಗಟ್ಟಿ ಕನ್ನಡ ನೋಡಿಲ್ಲ.

ಐದು ಮಕ್ಕಳು ಹೋಗಿ ಪತ್ರ ಕೊಟ್ಟು ಬಂದರು. ಸ್ವೀಕೃತಿಯ ಶಿಕ್ಕಾ ಹಾಕಿಸಿಕೊಂಡು ಬನ್ನಿ ಅಂತ ಒಂದು ಪ್ರತಿ ಜಾಸ್ತಿ ಕೊಟ್ಟಿದ್ದೆ. ಮಕ್ಕಳ ಪತ್ರಕ್ಕೆ ಶಿಕ್ಕಾ ಯಾಕೆ ಅಂತ ಹಾಗೇ ಕಳಿಸಿದರು. ಹದಿನೈದು ದಿನದ ಮೇಲೆ ಯಾರೋ ಬಂದು ವಾಷರ್ ಬದಲಿಸಿದರು. ಉತ್ತರ ಬರಲಿಲ್ಲ. ಆ ಹುಡುಗಿ ಕೇಳಿದಳು. 'ನಮ್ಮ ಪತ್ರ ಓದಿ ಮಾಡಿದ್ರೇನ್ರಿ ಅಕ್ಕೋರ, ಇಲ್ಲಾ ಸುಮ್ನ ಮಾಡಿದ್ರೇನ್ರಿ?'

ನನಗೆ ಗೊತ್ತಿರಲಿಲ್ಲ. ನಿಮಗೆ ಈ ಪತ್ರ ಬರೆಯುತ್ತಿರುವುದು ಅವಳ ಆ ಪ್ರಶ್ನೆಗಾಗಿ.

ಸಚಿವರಿಗೆ ಬರೆಯದೆ ನಿಮಗೇ ಯಾಕೆ ಬರೆದೆ ಅಂತ ಅನ್ನಿಸಬಹುದು. ಜಿಲ್ಲೆಯಲ್ಲಿ ಶಾಲೆಗಳನ್ನು ನೋಡಿಕೊಳ್ಳುವ ಡಿಡಿಪಿಐ ನಿಮ್ಮ ಸಭೆಗೆ ಬರುತ್ತಾರೆ. ಊರಿನ ನಳ, ಕೆರೆ, ಕಸ ನೋಡಿಕೊಳ್ಳುವ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳೂ (ಪಿಡಿಒ) ನಿಮ್ಮ ಕೆಳಗೇ ಬರುತ್ತಾರೆ. ಪತ್ರ ಬರೆಯಲು ಕಲಿಸುವವರು ಮತ್ತು ಪತ್ರ ಓದಬೇಕಾದವರು ಇಬ್ಬರೂ ನಿಮ್ಮ ಒಂದೇ ಟೇಬಲ್ಲಿನ ಮುಂದೆ ಕೂರುತ್ತಾರೆ. ಅವರಿಬ್ಬರನ್ನು ಜೋಡಿಸಲು ಹೊಸ ಯೋಜನೆ ಬೇಡ, ದುಡ್ಡೂ ಬೇಡ.

ನಮ್ಮ ಜಿಲ್ಲೆಯಷ್ಟು ಚಲೋ ಪಠ್ಯಪುಸ್ತಕ ಎಲ್ಲಿದೆ ಹೇಳಿ. ಮಳೆಯನ್ನೇ ತೆಗೆದುಕೊಳ್ಳಿ. ಇಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಬೀಳುತ್ತದೆ. ಮಿಲಿಮೀಟರ್ ಅಂದರೆ ಮಕ್ಕಳಿಗೆ ಸ್ಕೇಲಿನ ಮೇಲಿನ ಗೆರೆ ಅಷ್ಟೇ. ಒಂದು ಸಲ ಅಂಗಳದಲ್ಲಿ ಒಂದು ಸಣ್ಣ ಡಬ್ಬಿ, ಒಂದು ದೊಡ್ಡ ಡಬ್ಬಿ ಇಟ್ಟೆವು. ಎರಡೂ ನೆಟ್ಟಗಿನ ಗೋಡೆಯವು. ದೊಡ್ಡ ಡಬ್ಬಿಯಲ್ಲಿ ನೀರಿನ ಎತ್ತರ ಜಾಸ್ತಿ ಇರುತ್ತದೆ ಅಂತ ಎಲ್ಲರೂ ಪಂಥ ಕಟ್ಟಿದರು. ಮಳೆ ನಿಂತ ಮೇಲೆ ಸ್ಕೇಲ್ ಇಳಿಸಿ ನೋಡಿದರೆ ಎರಡರಲ್ಲೂ ಒಂದೇ ಎತ್ತರ. ಅಲ್ಲಿಂದ ಶಾಲೆಯ ಚಾವಣಿಗೆ ಹೋಗುವುದು ಸುಲಭ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 20 ಮೀಟರ್ ಉದ್ದ, 8 ಮೀಟರ್ ಅಗಲದ ಚಾವಣಿ ಮೇಲೆ 25 ಮಿಲಿಮೀಟರ್ ಬಿದ್ದರೆ 4000 ಲೀಟರ್. ಬಿಸಿಯೂಟದ ಪಾತ್ರೆ ತೊಳೆಯಲು ನೀರು ಹೊತ್ತು ತರುವ ಶಾಲೆಯಲ್ಲಿ ಈ ಲೆಕ್ಕ ಮಾಡಿಸಿ ನೋಡಿ. ಮಕ್ಕಳು ಸುಮ್ಮನೆ ಕೂರುವುದಿಲ್ಲ. 'ಮತ್ತ ಪೈಪ್ ಯಾಕ ಹಾಕಿಲ್ರಿ?' ಅಂತ ಕೇಳುತ್ತಾರೆ.

ಮನೆಯಲ್ಲಿ ಅಜ್ಜ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುವುದಿಲ್ಲ. 'ಹದ ಮಳಿ ಆತು', 'ಒಂದು ಗೇಣ ಹಸಿ ಆಗೈತಿ' ಅನ್ನುತ್ತಾರೆ. ಹಾಗಾದರೆ ಒಂದು ಗೇಣು ಹಸಿ ಅಂದರೆ ಎಷ್ಟು ಮಿಲಿಮೀಟರ್? ನಮ್ಮ ಮಕ್ಕಳು ಎರೆ (ಕಪ್ಪು ಮಣ್ಣು) ಹೊಲದಲ್ಲಿ ಒಂದು ಗುಣಿ, ಮಸಾರಿ (ಕೆಂಪು ಮಣ್ಣು) ಹೊಲದಲ್ಲಿ ಒಂದು ಗುಣಿ ತೋಡಿ ನೋಡಿದರು. ಒಂದೇ ಮಳೆ, ಎರಡು ಆಳ. ಮಸಾರಿಯಲ್ಲಿ ನೀರು ಆಳಕ್ಕೆ ಇಳಿದಿತ್ತು. ಎರೆ ಮಣ್ಣು ಮೇಲೇ ಹಿಡಿದಿಟ್ಟುಕೊಂಡಿತ್ತು. ಅಜ್ಜನ ಮಾತು, ಡಬ್ಬಿಯ ಅಳತೆ, ಗುಣಿಯ ಆಳ ಮೂರನ್ನೂ ಸೇರಿಸಿ ಅರ್ಧ ಪುಟ ಬರೆಯಿರಿ ಅಂದರೆ ಯಾವ ಗೈಡಿನಿಂದ ನಕಲು ಮಾಡುತ್ತಾರೆ?

ದಶಮಾಂಶದ ವಿಷಯ ಇನ್ನೂ ಮುಖ್ಯ. ನಮ್ಮ ಹಳ್ಳಿಯ ಮಕ್ಕಳಿಗೆ ದಶಮಾಂಶ ಯಾಕೆ ತಪ್ಪುತ್ತದೆ ಅಂತ ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. ಮನೆಯ ಹೊಲದ ಉತಾರದಲ್ಲಿ (ಪಹಣಿಯಲ್ಲಿ) 2-30 ಅಂತ ಇರುತ್ತದೆ. ಅದು ಎರಡು ಎಕರೆ ಮೂವತ್ತು ಗುಂಟೆ. 40 ಗುಂಟೆಗೆ ಒಂದು ಎಕರೆ. ಪುಸ್ತಕದ ಲೆಕ್ಕದಲ್ಲಿ ಅದು 2.75 ಎಕರೆ. ಅಪ್ಪನ 2-30, ಚಿಕ್ಕಪ್ಪನ 1-20 ಕೂಡಿಸು ಅಂದರೆ ಮಗು 3.50 ಅನ್ನುತ್ತದೆ. ಮನೆಯಲ್ಲಿ ಅಪ್ಪ ನಾಲ್ಕು ಎಕರೆ ಹತ್ತು ಗುಂಟೆ ಅನ್ನುತ್ತಾನೆ. ಶಾಲೆಯ ಲೆಕ್ಕವೇ ಬೇರೆ, ಊರಿನ ಲೆಕ್ಕವೇ ಬೇರೆ ಅಂತ ಮಗು ತೀರ್ಮಾನ ಮಾಡುತ್ತದೆ. 33 ಅಡಿಯ ಹಗ್ಗ ಹಿಡಿದು ಶಾಲೆಯ ಬಯಲಿನಲ್ಲಿ ಒಂದು ಗುಂಟೆ ಗುರುತು ಮಾಡಿಸಿದ ದಿನ ಈ ಗೋಡೆ ಬಿತ್ತು. ಉತಾರ ತರಲು ಹೇಳುವಾಗ ಒಂದು ಎಚ್ಚರ ಬೇಕು. ಹೊಲ ಇಲ್ಲದ ಮನೆಯ ಮಕ್ಕಳೂ ಅದೇ ಬೆಂಚಿನಲ್ಲಿ ಕೂತಿರುತ್ತಾರೆ. ಊರ ಕೆರೆಯ ಉತಾರ ಎಲ್ಲರದ್ದು. ಅದನ್ನೇ ತರಿಸಬೇಕು.

ಕೆರೆ ಅಂದ ಕೂಡಲೇ ಮಾಗಡಿ ನೆನಪಾಗುತ್ತದೆ. ಶಿರಹಟ್ಟಿ ತಾಲ್ಲೂಕಿನ ಆ ಕೆರೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಪಟ್ಟಿಯಲ್ಲಿ ಅದರ ವಿಸ್ತೀರ್ಣ 54.38 ಹೆಕ್ಟೇರ್. ಎಕರೆ-ಗುಂಟೆಗೆ ತಿರುಗಿಸಿದರೆ 134 ಎಕರೆ 15 ಗುಂಟೆಯ ಹತ್ತಿರ ಬರುತ್ತದೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಗಲು ಕೆರೆಯಲ್ಲಿ ವಿಶ್ರಾಂತಿ, ಹೊಲಗಳಲ್ಲಿ ಮೇವು. ಮಕ್ಕಳನ್ನು ದಂಡೆಯ ಮೇಲೆ ನಿಲ್ಲಿಸಿ 'ಎಷ್ಟು ಹಕ್ಕಿ ಇವೆ' ಅಂತ ಕೇಳಿದರೆ ಒಬ್ಬ ಸಾವಿರ ಅನ್ನುತ್ತಾನೆ, ಇನ್ನೊಬ್ಬ ಲಕ್ಷ ಅನ್ನುತ್ತಾನೆ. ಕೈ ಚಾಚಿ ಹೆಬ್ಬೆರಳು ಹಿಡಿಯಬೇಕು. ಒಂದು ಬೆರಳ ಅಗಲದಲ್ಲಿ ಎಷ್ಟು ಹಕ್ಕಿ ಮುಚ್ಚುತ್ತವೆ ಎಣಿಸಬೇಕು. ಇಡೀ ಗುಂಪು ಎಷ್ಟು ಬೆರಳಗಲ ಇದೆ ನೋಡಿ ಗುಣಿಸಬೇಕು. ಎರಡು ತಂಡಗಳ ಉತ್ತರ ಬೇರೆ ಬೇರೆ ಬರುತ್ತವೆ. ಬರಲಿ. ಯಾಕೆ ಬೇರೆ ಬಂತು ಅಂತ ಬರೆಯುವುದೇ ಆ ದಿನದ ಕನ್ನಡದ ಪಾಠ. ಕಡಲೆ, ಶೇಂಗಾ ಹಾಕಿದ ರೈತರು ಈ ಹಕ್ಕಿಗಳ ಬಗ್ಗೆ ಏನು ಹೇಳುತ್ತಾರೆ ಅಂತಲೂ ಕೇಳಿ ಬರೆಯಲಿ. ಹಕ್ಕಿ ಚಂದ ಅಂತ ಮಾತ್ರ ಬರೆದರೆ ಅರ್ಧ ಮಾತು ಆಗುತ್ತದೆ.

ಮುಂಡರಗಿ ಕಡೆಯ ಶಾಲೆಗಳಿಗೆ ಪಾಠವಾಗಿ ನೀರಿನ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅನ್ನುವ ಆ ಒಂದು ಸಂಖ್ಯೆ ಅಲ್ಲಿನ ಮಕ್ಕಳ ಹಲ್ಲಿನ ಪ್ರಶ್ನೆ. 1.05 ದೊಡ್ಡದೋ 1.5 ದೊಡ್ಡದೋ ಅನ್ನುವುದನ್ನು ಅವರು ತಪ್ಪಿಸುವ ಹಾಗಿಲ್ಲ. ನಮ್ಮ ಜಿಲ್ಲೆಯ ಬೆಟ್ಟಸಾಲು ಕಪ್ಪತಗುಡ್ಡವಂತೂ ಇದ್ದೇ ಇದೆ. 2019ರಲ್ಲಿ ಅದು ವನ್ಯಜೀವಿ ಧಾಮ ಆಗಿದ್ದರ ಹಿಂದೆ ಈ ಜಿಲ್ಲೆಯ ಜನರ ಹೋರಾಟ ಇದೆ. ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರಿಂದ ಹಿಡಿದು ಹಳ್ಳಿಯ ರೈತರವರೆಗೆ ಅರ್ಜಿ ಬರೆದವರು, ಬೀದಿಗಿಳಿದವರು ಎಷ್ಟೋ ಜನ. ಮನವಿ ಪತ್ರಕ್ಕೆ ಶಕ್ತಿ ಇದೆ ಅನ್ನುವುದಕ್ಕೆ ನಮ್ಮ ಮಕ್ಕಳು ದೂರದ ಉದಾಹರಣೆ ಹುಡುಕಬೇಕಾಗಿಲ್ಲ.

ಸಿಲಬಸ್ ಯಾವಾಗ ಮುಗಿಸುವುದು ಅಂತ ನನ್ನ ಗೆಳತಿಯರೇ ಕೇಳುತ್ತಾರೆ. ಸರಾಸರಿ, ಅನುಪಾತ, ವಿಸ್ತೀರ್ಣ, ದತ್ತಾಂಶ, ಪತ್ರ ಲೇಖನ ಎಲ್ಲ ಸಿಲಬಸ್ಸಿನಲ್ಲೇ ಇವೆ. ಉದಾಹರಣೆ ಮಾತ್ರ ಬದಲು. ಸುರಕ್ಷತೆಯ ಮಾತು ನಿಜ. ಕೆರೆಗೆ ಹೋಗುವಾಗ ಇಬ್ಬರು ದೊಡ್ಡವರು ಜೊತೆಗಿರಬೇಕು, ಮಕ್ಕಳು ನೀರಿಗೆ ಇಳಿಯಬಾರದು, ದಂಡೆಯಿಂದಲೇ ಕೆಲಸ ಆಗಬೇಕು.

ನನಗೆ ನಿಜವಾಗಿ ಭಯ ಇರುವುದು ಬೇರೆ ಎರಡು ಕಡೆ. ಒಂದು, ನೀವು ಒಳ್ಳೆಯ ಮನಸ್ಸಿನಿಂದ ಆದೇಶ ಮಾಡುತ್ತೀರಿ. ಅದು ಕೆಳಗೆ ಬರುವಷ್ಟರಲ್ಲಿ ಒಂದು ನಮೂನೆ, ನಾಲ್ಕು ಫೋಟೊ, ಸಂಜೆ ಐದರೊಳಗೆ ಅಪ್‌ಲೋಡ್ ಅಂತ ಆಗಿಬಿಡುತ್ತದೆ. ಜೂನ್ 5ರಂದು ಸಸಿ ನೆಟ್ಟು ಫೋಟೊ ಕಳಿಸುತ್ತೇವಲ್ಲ, ಹಾಗೆ. ದಯವಿಟ್ಟು ಫೋಟೊ ಕೇಳಬೇಡಿ. ಮಕ್ಕಳು ತಿದ್ದಿ ಬರೆದ ನೋಟ್‌ಬುಕ್ ಇರುತ್ತದೆ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಶಾಲೆಗೆ ಬಂದಾಗ ಅದನ್ನೇ ಕೂತು ಓದಲಿ.

ಇನ್ನೊಂದು ಹೇಳುವುದು ಕಷ್ಟ. ನಾವೊಮ್ಮೆ ಕೆರೆ ದಂಡೆಯ ಕಸದ ಬಗ್ಗೆ ಬರೆಸಿದಾಗ ಊರಿನ ದೊಡ್ಡವರೊಬ್ಬರು ಶಾಲೆಗೆ ಬಂದು 'ಮಕ್ಕಳ ಕಡೆಯಿಂದ ರಾಜಕಾರಣ ಮಾಡಸ್ತೀರೇನು' ಅಂದರು. ನಮ್ಮ ಮುಖ್ಯ ಶಿಕ್ಷಕರು ಹೆದರಿದರು. ನಾನೂ ಹೆದರಿದೆ. ಮುಂದಿನ ಆರು ತಿಂಗಳು ಮಕ್ಕಳ ಕೈಯಲ್ಲಿ 'ನನ್ನ ಮೆಚ್ಚಿನ ಹಬ್ಬ' ಬರೆಸಿದೆ. ಮಕ್ಕಳು ಕಣ್ಣಾರೆ ಕಂಡಿದ್ದನ್ನು ಅಳೆದು ಬರೆದರೆ ಅದು ಪಾಠ, ದೂರಲ್ಲ ಅಂತ ನಿಮ್ಮ ಸಹಿ ಇರುವ ಒಂದು ಸುತ್ತೋಲೆ ಇದ್ದಿದ್ದರೆ ನಾನು ಹಾಗೆ ಮಾಡುತ್ತಿರಲಿಲ್ಲ.

ಹಾಗಾಗಿ ನನ್ನ ಮೊದಲ ಕೋರಿಕೆ ಆ ಸುತ್ತೋಲೆ. ಎರಡನೆಯದು, ಪ್ರತಿ ವರ್ಷ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕು ಅಂತ ನಿಯಮ ಇದೆ. ಎಷ್ಟೋ ಕಡೆ ಅಲ್ಲಿ ದೊಡ್ಡವರೇ ಭಾಷಣ ಮಾಡಿ, ಮಕ್ಕಳಿಗೆ ಬಿಸ್ಕಿಟ್ ಕೊಟ್ಟು ಕಳಿಸುತ್ತಾರೆ. ಆ ಸಭೆಯಲ್ಲಿ ಪ್ರತಿ ಶಾಲೆಯ ಮಕ್ಕಳು ತಾವು ಅಳೆದು ಬರೆದ ಒಂದು ವರದಿ ಓದಲಿ. ನಳ ಇರಲಿ, ಕೆರೆಯ ಹೂಳು ಇರಲಿ, ಗುಟ್ಕಾ ಚೀಟಿಯ ರಾಶಿ ಇರಲಿ. ಪಂಚಾಯತಿಯ ಹತ್ತಿರ ಇರುವ ನೀರಿನ ಪರೀಕ್ಷೆಯ ಕಿಟ್ಟು, ಬೋರ್‌ವೆಲ್ ವಿವರ, ಕೆರೆಯ ಅಳತೆ ಕೇಳಿದರೆ ಮಕ್ಕಳಿಗೆ ತೋರಿಸಲಿ.

ಮೂರನೆಯದು ಎಲ್ಲಕ್ಕಿಂತ ಸಣ್ಣದು, ನನಗೆ ಎಲ್ಲಕ್ಕಿಂತ ಮುಖ್ಯ. ಮಕ್ಕಳ ಪತ್ರಕ್ಕೂ ಶಿಕ್ಕಾ ಬೀಳಲಿ. 30 ದಿನದೊಳಗೆ ಪಿಡಿಒ ಸಹಿಯ ಉತ್ತರ ಬರಲಿ. ಎರಡೇ ಸಾಲು ಸಾಕು. 'ಆಗುವುದಿಲ್ಲ, ಅನುದಾನ ಇಲ್ಲ' ಅಂತ ಇದ್ದರೂ ಪರವಾಗಿಲ್ಲ, ಕಾರಣ ಬರೆದರೆ ಸಾಕು. ಅನುದಾನ ಎಷ್ಟು ಬೇಕಿತ್ತು, ಎಷ್ಟು ಬಂತು ಅಂತ ಮುಂದಿನ ವಾರ ಮಕ್ಕಳು ಲೆಕ್ಕ ಮಾಡುತ್ತಾರೆ.

ಆ ಶಾಲೆಯ ಹತ್ತಿರದ ನಳ ಮತ್ತೆ ಸೋರುತ್ತಿದೆ ಅಂತ ಹೋದ ವಾರ ಕೇಳಿದೆ. ಈಗಿನ ಆರನೇ ಕ್ಲಾಸಿನ ಮಕ್ಕಳು ಅಳೆಯುತ್ತಿದ್ದಾರಂತೆ. ನೀವು ಆ ಕಡೆ ಪ್ರವಾಸಕ್ಕೆ ಬಂದಾಗ ಹತ್ತು ನಿಮಿಷ ನಿಂತು ನೋಡಿ. ಮಧ್ಯಾಹ್ನ ಎರಡರೊಳಗೆ ಬನ್ನಿ, ಟ್ಯಾಂಕಿನಲ್ಲಿ ನೀರಿರುತ್ತದೆ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಗದಗ ಜಿಲ್ಲೆ